ಅರಮನೆಯ ಹಿತ್ತಲು

ಅರಮನೆ ನೋಡ್ಕೊಂಡು ಬರೋಣ ಅಂದ್ರೆ ನಮ್ಮ ಮನೆಗಳಲ್ಲಿ ಮೈಸೂರು ಅಂತಲೇ ಅರ್ಥ. ಬೆಳಗಿನ ಜಾವ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಕೊಂಡು, ದಾರೀಲಿ ಶ್ರೀರಂಗಪಟ್ಟಣದ ರಂಗನಾಥನಿಗೆ ಕೈ ಮುಗಿದು, ರಾತ್ರಿ ಹತ್ತಕ್ಕೆ ಕಾಲು ನೋವು ಅಂತ ಮನೆ ಸೇರೋದು. ಆದ್ರೆ ಜಯನಗರದಿಂದ ಮೆಟ್ರೋ ಹತ್ತಿದ್ರೆ ನಾಲ್ಕನೇ ಸ್ಟಾಪಿಗೆ ಒಂದು ಕೋಟೆ, ಒಂದು ಅರಮನೆ ಎರಡೂ ಸಿಗ್ತವೆ. ವಾಪಸ್ ಬರೋವಾಗ ಎರಡು ಸ್ಟಾಪ್ ಹಿಂದೆ ಇಳಿದ್ರೆ ಆ ಅರಸರದ್ದೇ ತೋಟ. ಸೊಪ್ಪು, ಹೂವು, ಪಾತ್ರೆ ಅಂತ ನೂರು ಸಲ ಮಾರ್ಕೆಟ್ಟಿಗೆ ಹೋಗಿದ್ದೀವಿ, ಪಕ್ಕದಲ್ಲಿರೋ ಕೋಟೆ ಬಾಗಿಲೊಳಗೆ ಕಾಲಿಟ್ಟೋರು ನಮ್ಮಲ್ಲಿ ಎಷ್ಟು ಜನ ಹೇಳಿ?

ಈ ಆಷಾಢದಲ್ಲಿ ನಾವು ಹೋಗಿ ಬಂದ್ವಿ. ನಾನು, ನಮ್ಮತ್ತೆ, ನಾದಿನಿ, ಅವಳ ಒಂಬತ್ತು ವರ್ಷದ ಮಗಳು, ಎದುರು ಮನೆ ಆಂಟಿ.

ನಾದಿನಿ ಹಾಲೆಂಡಿನಲ್ಲಿ ಐಂಧೋವನ್ ಹತ್ರ ಇರ್ತಾಳೆ ಅಂತ ನಿಮಗೆಲ್ಲ ಗೊತ್ತು. ಅಲ್ಲಿ ಈಗ ಕನ್ನಡದೋರ ಮನೆಗಳು ಬೇಕಾದಷ್ಟಿವೆ. ಭಾನುವಾರ ಆದ್ರೆ ಅವರೆಲ್ಲ ಸೇರಿ ಹಳ್ಳಿ ಕಡೆ ಕೋಟೆ ನೋಡೋಕೆ ಹೊರಡ್ತಾರೆ. ಕೋಟೆ ಅಂದ್ರೆ ನಮ್ಮ ಚಿತ್ರದುರ್ಗದ ಥರ ಏಳು ಸುತ್ತಿನದಲ್ಲ. ಸುತ್ತ ಕಂದಕದಲ್ಲಿ ನೀರು, ಅದರ ಮೇಲೊಂದು ಸೇತುವೆ, ಒಳಗೆ ಒಂದು ಸಂಸಾರ ಇರೋವಂಥ ಕೋಟೆಮನೆ. ಅದರ ಆಚೆ ತೋಟ. ಫ್ಯಾಮಿಲಿ ಗ್ರೂಪಿಗೆ ಅವಳು ಹಾಕೋ ಫೋಟೋಗಳಲ್ಲಿ ಕೋಟೆ ಒಂದಿದ್ರೆ ತೋಟ ಹತ್ತು. ಆಮ್ಸ್ಟರ್‌ಡ್ಯಾಮ್ ಪಕ್ಕದಲ್ಲಿ ಮೌಡರ್‌ಸ್ಲಾಟ್ ಅಂತ ಒಂದಿದೆ, 1285ರ ಸುಮಾರಿಗೆ ಕಟ್ಟಿದ್ದು. ಅದರ ಮಗ್ಗುಲಲ್ಲಿ ಔಷಧಿ ಗಿಡ, ತರಕಾರಿ ಮಡಿ, ಪ್ಲಮ್ ಹಣ್ಣಿನ ಮರಗಳನ್ನ ಇವತ್ತಿಗೂ ಬೆಳೆಸಿಟ್ಟಿದ್ದಾರಂತೆ. ಅದನ್ನ ನೋಡಿ ಅತ್ತೆ, "ರಾಜರ ಮನೆಯಾದ್ರೂ ಸಾರಿಗೆ ಸೊಪ್ಪು ಬೇಕಲ್ಲ" ಅಂದಿದ್ರು.

ಟ್ಯುಲಿಪ್ ಹೂವಿನ ಕ್ಯೂಕೆನ್‌ಹಾಫ್ ನಮಗೆಲ್ಲ ಗೊತ್ತಿರೋದೇ. 1981ರ ಸಿಲ್ಸಿಲಾ ಸಿನಿಮಾದಲ್ಲಿ ಅಮಿತಾಭ್, ರೇಖಾ ಹೂವಿನ ಸಾಲುಗಳ ಮಧ್ಯೆ ಓಡಾಡ್ತಾರಲ್ಲ, ಅದೇ. ಆ ಹೆಸರಿನ ಅರ್ಥ ಏನು ಗೊತ್ತಾ? ಅಡುಗೆಮನೆ ತೋಟ! ಹದಿನೈದನೇ ಶತಮಾನದಲ್ಲಿ ಹತ್ತಿರದ ಕೋಟೆಯಲ್ಲಿದ್ದ ಯಾಕೋಬಾ ಅನ್ನೋ ರಾಣಿಯಂಥ ಹೆಂಗಸಿನ ಅಡುಗೆಮನೆಗೆ ಸೊಪ್ಪು, ತರಕಾರಿ, ಹಣ್ಣು ಇಲ್ಲಿಂದ ಹೋಗ್ತಿತ್ತಂತೆ. ಹೂವಿನ ಪ್ರದರ್ಶನ ಜನಕ್ಕೆ ಅಂತ ಬಾಗಿಲು ತೆಗೆದದ್ದು 1950ರಲ್ಲಿ. ಈಗ ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆ ನೆಡ್ತಾರೆ, ವಸಂತಕಾಲದಲ್ಲಿ ಎಂಟು ವಾರ ಮಾತ್ರ ತೆಗೆದಿರ್ತಾರೆ. ಇಷ್ಟೆಲ್ಲ ಆದ್ರೂ ಹೆಸರು ಮಾತ್ರ ಹಿತ್ತಲಿನದೇ.

ಈ ಸಲ ನಾದಿನಿ ಬಂದದ್ದು ಬರೀ ರಜಕ್ಕಲ್ಲ. ಮನೆ ಮಾತುಕತೆಗೆ. ಮಾವ 1974ರಲ್ಲಿ ಕಟ್ಟಿಸಿದ ನಮ್ಮ ಮನೆ ನಲವತ್ತು ಅರವತ್ತರ ಸೈಟು. ಮುಂದೆ ಸಂಪಿಗೆ, ಹಿಂದೆ ಬಾದಾಮಿ ಮಾವು, ಕರಿಬೇವು, ಬಾಳೆ, ಬಾವಿಕಟ್ಟೆ ಹತ್ರ ದೊಡ್ಡಪತ್ರೆ, ತಂತಿ ಮೇಲೆ ಸೀಮೆ ಬದನೆ ಬಳ್ಳಿ. ನಮ್ಮ ರಸ್ತೇಲಿ ಹೀಗಿದ್ದ ಹದಿನಾಲ್ಕು ಮನೆಗಳಲ್ಲಿ ಈಗ ಉಳಿದಿರೋದು ಮೂರು. ಬಿಲ್ಡರ್ ಒಬ್ಬರು ಎರಡು ವರ್ಷದಿಂದ ಕೇಳ್ತಿದ್ರು, ಹಳೇ ಮನೆ ಕೆಡವಿ ನಾಲ್ಕು ಮಹಡಿ, ಅರ್ಧ ನಮಗೆ ಅರ್ಧ ಅವರಿಗೆ. ನಮ್ಮೆಜಮಾನ್ರು ಸರಿ ಅಂದಿದ್ರು. ತಂಗೀದೂ ಸಹಿ ಬೇಕಲ್ಲ, ಅದಕ್ಕೆ ಅವಳು ಬಂದದ್ದು. ಕಾಗದ ಎಲ್ಲ ರೆಡಿ ಆಗಿತ್ತು. ಆಷಾಢದಲ್ಲಿ ಬೇಡ, ಶ್ರಾವಣ ಬರಲಿ ಅಂತ ಅತ್ತೆ ಒಂದೇ ಮಾತು ಹೇಳಿ ಸುಮ್ಮನಾದ್ರು. ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಅವರು ಮಾತಾಡದೇ ಇದ್ದದ್ದೇ ನಮಗೆ ಕಷ್ಟ ಆಗ್ತಿತ್ತು. ಆ ಮೂರು ವಾರದಲ್ಲಿ ಒಂದು ದಿನ ಮಗು "ಇಂಡಿಯಾದಲ್ಲಿ ಕ್ಯಾಸಲ್ ಇಲ್ವಾ?" ಅಂತ ಕೇಳ್ತು. ಅಜ್ಜಿಗೆ ರೋಷ ಬಂತು. "ಯಾಕಿಲ್ಲ? ನಡಿ ತೋರಿಸ್ತೀನಿ."

ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಿಂದ ಆಚೆ ಬಂದ್ರೆ ಕೋಟೆ ದೂರ ಇಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರ್ ಅಲಿ ಕಲ್ಲಿನ ಕೋಟೆ ಮಾಡಿಸಿದ್ದು. ಈಗ ನಾವು ನೋಡೋದು ಅದರ ಒಂದು ಚೂರು, ಡೆಲ್ಲಿ ಗೇಟ್ ಅಂತಾರೆ. ಎತ್ತರದ ಬಾಗಿಲು, ಕಮಾನಿನ ಮೇಲೆ ಕೆತ್ತನೆ, ಒಳಗೆ ಒಂದು ಗಣಪತಿ ಗುಡಿ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್ಸಿನ ಸೈನ್ಯ ಗೋಡೆ ಒಡೆದು ಒಳನುಗ್ಗಿದ ಜಾಗ ಇದು ಅಂತ ಗೋಡೇಲಿ ಒಂದು ಕಲ್ಲು ಹಾಕಿದ್ದಾರೆ. ಅಷ್ಟೇ ಉಳಿದಿರೋದು. ಉಳಿದ ಕೋಟೆ ರಸ್ತೆ ಆಯ್ತು, ಶಾಲೆ ಆಯ್ತು, ಆಸ್ಪತ್ರೆ ಆಯ್ತು.

ಮಗು ಮುಖ ಸಣ್ಣ ಮಾಡ್ಕೊಂಡು "ಇಷ್ಟೇನಾ?" ಅಂತು. ಅದಕ್ಕೆ ಅತ್ತೆ ಕೈ ಹಿಡಿದು ರಸ್ತೆ ಕಡೆ ತಿರುಗಿಸಿ ತೋರಿಸಿದ್ರು. "ಅಗೋ ಆ ಕಡೆ ವಾಣಿ ವಿಲಾಸ ಆಸ್ಪತ್ರೆ. ಅದೂ ಹಳೇ ಕೋಟೆ ಜಾಗಾನೇ. ನಿಮ್ಮಮ್ಮ ಹುಟ್ಟಿದ್ದು ಅಲ್ಲಿ, ನಿಮ್ಮ ಮಾವ ಹುಟ್ಟಿದ್ದೂ ಅಲ್ಲೇ." ಮಗು ಕಣ್ಣರಳಿಸಿ, "ಅಮ್ಮ, ನೀನು ಕ್ಯಾಸಲ್‌ನಲ್ಲಿ ಹುಟ್ಟಿದ್ದಾ?" ಅಂತು ನೋಡಿ, ಎದುರು ಮನೆ ಆಂಟಿ "ನನ್ನ ಮೂರು ಮಕ್ಕಳೂ ಅಲ್ಲೇ ಕಣೇ, ನಾವೆಲ್ಲ ಕೋಟೆಯ ಬಾಣಂತಿಯರು" ಅಂತ ನಕ್ಕಿದ್ದೇ ನಕ್ಕಿದ್ದು. ಆ ಆಸ್ಪತ್ರೆ 1935ರದ್ದು. ಹೆಸರು ಮೈಸೂರಿನ ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರದ್ದು, ಮಗ ನಾಲ್ವಡಿಯವರು ಚಿಕ್ಕವರಿದ್ದಾಗ 1895ರಿಂದ 1902ರವರೆಗೆ ರಾಜ್ಯ ನೋಡಿಕೊಂಡವರು. ನಾವು ಕೋಟೆ ಹಾಳಾಯ್ತು ಅಂತೀವಿ. ಒಂದು ಲೆಕ್ಕದಲ್ಲಿ ಹೌದು. ಆದ್ರೆ ಆ ಜಾಗದಲ್ಲಿ ಎಷ್ಟು ಹೆಣ್ಣುಮಕ್ಕಳ ಹೆರಿಗೆ ಆಗಿದೆ ಅಂತ ಯೋಚನೆ ಮಾಡಿದ್ರೆ ಬರೀ ಹಾಳಾಯ್ತು ಅನ್ನೋಕೆ ಬಾಯಿ ಬರಲ್ಲ.

ಅಲ್ಲಿಂದ ನಡ್ಕೊಂಡೇ ಟಿಪ್ಪುವಿನ ಬೇಸಿಗೆ ಅರಮನೆ. ಪಕ್ಕದಲ್ಲೇ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣನ ದೇವಸ್ಥಾನ, ಮೊದಲು ಅಲ್ಲಿ ಹೋಗಿ ಬಂದ್ವಿ. ಅರಮನೆಗೆ ಟಿಕೆಟ್ ಇದೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಹೈದರ್ 1781ರಲ್ಲಿ ಶುರು ಮಾಡಿಸಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ಮುಗಿದ ವರ್ಷವೇ ಕೋಟೆ ಬ್ರಿಟಿಷರ ಕೈಗೆ ಹೋಯ್ತು. ಪಾಪ, ಗೃಹಪ್ರವೇಶದ ಸಂತೋಷವೂ ಪೂರ್ತಿ ಸಿಕ್ಕಿರಲಿಕ್ಕಿಲ್ಲ.

ಎರಡು ಅಂತಸ್ತು, ಕಲ್ಲಿನ ಪೀಠದ ಮೇಲೆ ತೇಗದ ಕಂಬಗಳು. ಕಮಾನುಗಳು ದಾಸವಾಳದ ಎಸಳಿನ ಅಂಚಿನ ಹಾಗೆ ನಿರಿಗೆ ನಿರಿಗೆ. ಗೋಡೆ ಮೇಲೆ ಬಳ್ಳಿ, ಹೂವಿನ ಚಿತ್ತಾರ, ಬಣ್ಣ ಈಗ ಮಾಸಿದೆ. ಮಹಡಿಯ ಎರಡು ಕಡೆ ಬಾಲ್ಕನಿ, ಅಲ್ಲಿ ಕೂತು ದರ್ಬಾರು ಮಾಡ್ತಿದ್ದದ್ದು. ಮೂಲೆಗಳಲ್ಲಿ ನಾಲ್ಕು ಸಣ್ಣ ಕೋಣೆ, ಜನಾನದವರದ್ದು. ಆಂಟಿ ಅದರೊಳಗೆ ನಿಂತು ಕೈ ಚಾಚಿ ನೋಡಿ, "ನಮ್ಮ ಸ್ಟೋರ್‌ರೂಮು ಇದಕ್ಕಿಂತ ವಾಸಿ" ಅಂದ್ರು. ಈ ಮನೆಗೆ ಇದ್ದ ಹೆಸರು ರಶ್ಕ್-ಎ-ಜನ್ನತ್, ಸ್ವರ್ಗಕ್ಕೇ ಹೊಟ್ಟೆಕಿಚ್ಚು ತರಿಸೋದು ಅಂತ ಅರ್ಥ. ಟಿಪ್ಪು ಹೋದ ಮೇಲೆ ಇದು ಸರ್ಕಾರದ ಕಚೇರಿ ಆಗಿತ್ತು. 1868ರಲ್ಲಿ ಅಠಾರಾ ಕಚೇರಿ ಕಟ್ಟಿಸಿ ಅಲ್ಲಿಗೆ ಹೋಗೋವರೆಗೂ ಫೈಲುಗಳೆಲ್ಲ ಈ ತೇಗದ ಕಂಬಗಳ ಮಧ್ಯೆಯೇ ಇದ್ದವು. ಈಗ ಮುಂದೆ ಒಂದಿಷ್ಟು ಹುಲ್ಲುಹಾಸು, ಹೂವಿನ ಪಾತಿ. ಅದರಾಚೆ ಬಸ್ಸು, ಆಟೋ, ಹಾರ್ನು.

ಅತ್ತೆ ಮಹಡಿ ಹತ್ತಲಿಲ್ಲ, ಮಂಡಿ ನೋವು. ಕೆಳಗೆ ಕಲ್ಲಿನ ಮೇಲೆ ಕೂತು ಹುಲ್ಲುಹಾಸು ನೋಡ್ತಿದ್ರು. ನಾವು ಇಳಿದು ಬಂದಾಗ, "ಶ್ರೀರಂಗಪಟ್ಟಣದ್ದು ಹೀಗಿಲ್ಲ ಅಲ್ವೇನೇ, ಅಲ್ಲಿ ಸುತ್ತ ತೋಟ ಇತ್ತು" ಅಂದ್ರು. ಹೌದು. ದರಿಯಾ ದೌಲತ್ 1784ರದ್ದು, ಅದೂ ತೇಗದ್ದೇ, ಆದ್ರೆ ಅದನ್ನ ಇವತ್ತಿಗೂ ತೋಟದ ನಡುವೆ ನೋಡಬಹುದು. ಅದೇ ದ್ವೀಪದ ಇನ್ನೊಂದು ತುದೀಲಿ ಹೈದರ್, ಅವನ ಹೆಂಡತಿ, ಮಗ ಟಿಪ್ಪು ಮೂವರೂ ಮಲಗಿರೋ ಗುಂಬಜ್. ಅದರ ಸುತ್ತಿನ ತೋಟದ ಹೆಸರೂ ಲಾಲ್‌ಬಾಗ್! ಬೆಂಗಳೂರಿನ ಲಾಲ್‌ಬಾಗು ಮಾತ್ರ ಕೋಟೆಯಿಂದ ದೂರ ಇತ್ತು. ಮಧ್ಯದಲ್ಲಿ ಊರು ಬೆಳೀತು, ಸಂಬಂಧವೇ ಮರೆತುಹೋಯ್ತು.

ಮಾರ್ಕೆಟ್ಟಿನಿಂದ ಮೆಟ್ರೋದಲ್ಲಿ ಎರಡು ಸ್ಟಾಪು ವಾಪಸ್ ಬಂದು ಲಾಲ್‌ಬಾಗಿನಲ್ಲಿ ಇಳಿದ್ವಿ. ಮರದ ಕೆಳಗೆ ಚಾಪೆ ಹಾಸಿ ಚಪಾತಿ, ಪಲ್ಯ ಬಿಚ್ಚಿದ್ವಿ. ಊಟದ ಡಬ್ಬಿ ಒಳಗೆ ತೆಗೆದುಕೊಂಡು ಹೋಗೋ ನಿಯಮ ಆಗಾಗ ಬದಲಾಗುತ್ತೆ, ಗೇಟಿನಲ್ಲಿ ಕೇಳ್ಕೊಳ್ಳಿ. ಪ್ಲಾಸ್ಟಿಕ್ ಅಂತೂ ಬೇಡ.

ಹೈದರ್ 1760ರಲ್ಲಿ ಇದನ್ನ ಶುರು ಮಾಡಿಸಿದಾಗ ಇದ್ದದ್ದು 40 ಎಕರೆ. ಈಗ 240. ಕ್ಯೂಕೆನ್‌ಹಾಫಿನ ಮೂರರಷ್ಟು ಕಣ್ರೀ. ನಾವು ಫ್ಲವರ್ ಶೋ ಅಂತ ಬಂದು ಗಾಜಿನ ಮನೆ ಸುತ್ತಿ ಹೋಗ್ತೀವಿ, ಆ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಮೊದಲು ಈ ತೋಟ ಹೆಂಗಿತ್ತು ಅಂತ ಬುಕಾನನ್ ಅನ್ನೋ ಡಾಕ್ಟರ್ ಬರೆದಿಟ್ಟಿದ್ದಾನೆ. ಟಿಪ್ಪು ತೀರಿಕೊಂಡ ಮರುವರ್ಷ, 1800ರಲ್ಲಿ, ಅವನು ಬೆಂಗಳೂರಿಗೆ ಬಂದಿದ್ದ. ಚೌಕ ಚೌಕ ಮಡಿಗಳು, ಮಧ್ಯೆ ದಾರಿ, ದಾರಿ ಅಂಚಿಗೆ ಸೈಪ್ರೆಸ್ ಮರ. ಒಂದು ಮಡೀಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ, ಹೀಗೆ ಒಂದೊಂದಕ್ಕೆ ಒಂದೊಂದು. ಹಣ್ಣಿನ ಮರಗಳ ಜೊತೆ ಅಡುಗೆಗೆ ಬೇಕಾದ ಸೊಪ್ಪು ತರಕಾರಿ. ಸುಲ್ತಾನನ ತೋಟ ಅಂದ್ರೂ ಅದೂ ಹಿತ್ತಲೇ ಆಗಿತ್ತು ನೋಡಿ! ಇದನ್ನ ಹೇಳಿದಾಗ ಅತ್ತೆ ತಲೆ ಆಡಿಸಿ, "ಹಂಗೆ ಅನ್ನು" ಅಂದ್ರು, ಗೊತ್ತಿದ್ದ ವಿಷಯಾನೇ ಯಾರೋ ಕೊನೆಗೆ ಒಪ್ಕೊಂಡ ಹಾಗೆ.

ಆಮೇಲೆ 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನ ಆಯ್ತು. 1874ರಿಂದ 1908ರವರೆಗೆ ಜಾನ್ ಕ್ಯಾಮರನ್ ಅನ್ನೋರು ನೋಡಿಕೊಂಡ್ರು. ಬೇರೆ ದೇಶದ ತರಕಾರಿಗಳನ್ನ ತಂದು ಇಲ್ಲಿ ಬೆಳೆಸಿ ರೈತರಿಗೆ ಕೊಟ್ಟೋರು ಅವರು. ನಮ್ಮ ಸೀಮೆ ಬದನೆಕಾಯಿ ಬೆಂಗಳೂರಿಗೆ ಬಂದದ್ದು ಅವರ ಕಾಲದಲ್ಲೇ ಅಂತಾರೆ. ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ ಇದೂ ಹೊರಗಿನಿಂದ ಬಂದದ್ದು ಅಂತ ಹೆಸರಲ್ಲೇ ಇದೆ. ಆದ್ರೆ ಮದ್ರಾಸಿನೋರು ಇದನ್ನ ಬೆಂಗಳೂರು ಕತ್ತರಿಕಾಯಿ ಅಂತಾರೆ! ಕೂಟು, ಪಲ್ಯ, ಸಿಪ್ಪೆ ಚಟ್ನಿ ಅಂತ ವಾರಕ್ಕೊಂದು ಸಲ ತಿನ್ನೋ ಕಾಯಿ ಹಿಂದೆ ಒಂದು ಅರಮನೆ ತೋಟ ಇದೆ ಅಂತ ನನಗೂ ಹೊಸದೇ. ಕ್ಯಾಮರನ್ ಆದ ಮೇಲೆ ಜರ್ಮನಿಯ ಕ್ರುಂಬಿಗಲ್, ಊರಿನ ರಸ್ತೆಗಳಲ್ಲಿ ವರ್ಷವೆಲ್ಲ ಒಂದಾದ ಮೇಲೊಂದು ಮರ ಹೂ ಬಿಡೋ ಹಾಗೆ ನೆಡಿಸಿದೋರು. ಅವರಾದ ಮೇಲೆ ನಮ್ಮವರೇ ಜವರಾಯ, ಮರಿಗೌಡ. ಇವರು ಹೆಸರಿರೋರು. ಹೆಸರಿಲ್ಲದೋರು ಎಷ್ಟೋ. ಬೆಂಗಳೂರಿನ ತೋಟಗಳಿಗೆ ತಲೆತಲಾಂತರದಿಂದ ಮಣ್ಣು ಮುಟ್ಟಿ ದುಡಿದೋರು ತಿಗಳರು, ಚೈತ್ರದ ಹುಣ್ಣಿಮೆಗೆ ಕರಗ ಹೊರೋರು ಅವರೇ.

ನಾನು ಮನಸ್ಸಲ್ಲೇ ಲೆಕ್ಕ ಹಾಕ್ತಿದ್ದೆ. ಹೈದರ್ ಕಟ್ಟಿಸಿದ ಕಲ್ಲಿನ ಕೋಟೆ ಒಂದು ಬಾಗಿಲಿಗೆ ಬಂದು ನಿಂತಿದೆ. ಮರದ ಅರಮನೆ ಇದೆ, ವಾಸ ಇಲ್ಲ. ನಾಳೆ ಒಣಗಿ ಹೋಗಬಹುದಾದ ಗಿಡಗಳ ತೋಟ ಆರು ಪಟ್ಟು ದೊಡ್ಡದಾಗಿದೆ. ದಿನಾ ಯಾರೋ ಒಬ್ಬರು ನೀರು ಹಾಕಿದ್ದಕ್ಕೆ ಅಲ್ವಾ? ಅರಸ ಹೋದ, ಬ್ರಿಟಿಷರು ಬಂದ್ರು, ಅವರೂ ಹೋದ್ರು. ಬಂದೋರೆಲ್ಲ ತಮ್ಮದೊಂದಿಷ್ಟು ನೆಟ್ಟರು.

ನಾದಿನಿ ಆಗ ಹಾಲೆಂಡಿನ ಇನ್ನೊಂದು ಕೋಟೆ ಕಥೆ ತೆಗೆದಳು. ಉಟ್ರೆಕ್ಟ್ ಊರಿನ ಹತ್ರ ಡಿ ಹಾರ್ ಅಂತ. ಹಳೇದು ಪಾಳು ಬಿದ್ದಿತ್ತು, 1892ರಿಂದ ಇಪ್ಪತ್ತು ವರ್ಷ ಹಿಡಿದು ಹೊಸದಾಗಿ ಕಟ್ಟಿದ್ರು. ಯಜಮಾನಿ ದೊಡ್ಡ ಸಾಹುಕಾರರ ಮನೆ ಮಗಳು, ದುಡ್ಡಿಗೆ ಕೊರತೆ ಇಲ್ಲ. ಕೋಟೆ ಸುತ್ತ ತೋಟ ಬೇಕು ಅಂತ ಅಲ್ಲಿದ್ದ ಹಳ್ಳಿಯನ್ನೇ ಒಂದು ಕಿಲೋಮೀಟರಿನಾಚೆ ಎತ್ತಿಟ್ಟರಂತೆ. ಗಿಡ ಬೆಳೆಯೋವರೆಗೂ ಕಾಯೋಕೆ ಪುರುಸೊತ್ತಿಲ್ಲ ಅಂತ ದೊಡ್ಡ ದೊಡ್ಡ ಮರ ಏಳು ಸಾವಿರ ಕಿತ್ತು ತಂದು ನೆಡಿಸಿದ್ರಂತೆ. "ಅದಕ್ಕೇ ಅಮ್ಮ, ನಮ್ಮ ಮಾವಿನ ಮರಾನೂ ಎತ್ತಿಡಬಹುದು. ಬಿಲ್ಡರ್ ಬೇರೆ ಕಡೆ ಶಿಫ್ಟ್ ಮಾಡಿಸ್ತೀನಿ ಅಂದಿದ್ದಾರೆ" ಅಂದಳು.

ಅತ್ತೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಬೇರೆ ಕಡೆ ಅಂದ್ರೆ ಎಲ್ಲಿಗೆ?" ಅಂದ್ರು.

ನಾದಿನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

"ಮನೆ ಕೆಡವಿ. ನಿಮ್ಮಪ್ಪ ಕಟ್ಟಿಸಿದ್ದು ಅಂತ ನಾನೇನು ಅಡ್ಡ ಬರಲ್ಲ, ತಾರಸಿ ಸೋರುತ್ತೆ, ಬಚ್ಚಲು ಜಾರುತ್ತೆ, ನನಗೂ ಲಿಫ್ಟ್ ಬೇಕು. ಆದ್ರೆ ಹಿಂದೆ ಎಷ್ಟಡಿ ಬಿಡ್ತಾರೆ ಅಂತ ಕೇಳಿದ್ರಾ ಯಾರಾದ್ರೂ?"

ಮೂರು ವಾರದಲ್ಲಿ ಅವರು ಆಡಿದ ಮೊದಲನೇ ಮಾತು ಅದು. ಸಂಜೆ ಮನೆಗೆ ಬಂದವರೇ ನಕ್ಷೆ ಬಿಚ್ಚಿದ್ವಿ. ಹಿಂದೆ ಬಿಟ್ಟಿದ್ದದ್ದು ಐದಡಿ. ಟೇಪ್ ಹಿಡಿದು ನೋಡಿದ್ರೆ ಕಾಂಪೌಂಡಿನಿಂದ ಮರ ಇರೋದು ಒಂಬತ್ತನೇ ಅಡೀಲಿ. ಹದಿನೈದು ಅಡಿ ಬಿಟ್ಟರೆ ಮರ, ಬಾವಿ, ಕರಿಬೇವು ಉಳಿಯುತ್ತೆ, ಪ್ರತಿ ಮಹಡೀಲೂ ಒಂದು ರೂಮು ಹೋಗುತ್ತೆ. ಅಂದ್ರೆ ನಾದಿನಿ ಪಾಲಿನ ಫ್ಲಾಟಿನಲ್ಲೂ ಒಂದು ರೂಮು ಕಮ್ಮಿ. ಅವಳು ರಾತ್ರಿ ಬಹಳ ಹೊತ್ತು ಗಂಡನ ಹತ್ರ ಫೋನಿನಲ್ಲಿ ಮಾತಾಡಿದಳು. ಬೆಳಗ್ಗೆ ಎದ್ದು, "ಅತ್ತಿಗೆ, ನಾವು ವರ್ಷಕ್ಕೆ ಮೂರು ವಾರ ಬರೋರು. ಮೂರನೇ ರೂಮು ತಗೊಂಡು ಏನು ಮಾಡಲಿ?" ಅಂದಳು. ಹೇಳೋವಾಗ ಮುಖದಲ್ಲಿ ನಗು ಇರಲಿಲ್ಲ. ಸುಲಭದ ಮಾತಲ್ಲ ಅದು, ಜಯನಗರದ ರೇಟು ನಿಮಗೆ ಗೊತ್ತೇ ಇದೆ.

ಶ್ರಾವಣ ಬಂತು, ಸಹಿ ಆಗಲಿಲ್ಲ. ಬಿಲ್ಡರ್‌ಗೆ ಖುಷಿ ಇಲ್ಲ, ಹೊಸ ನಕ್ಷೆ ಮಾಡಿಸ್ತಿದ್ದಾರೆ, ಪಾಲಿನ ಲೆಕ್ಕ ಇನ್ನೂ ಎಳೆದಾಟದಲ್ಲಿದೆ. ಒಪ್ಪಿದ್ರೆ ಒಪ್ಪಿದ್ರು, ಇಲ್ಲದಿದ್ರೆ ತಾರಸಿ ರಿಪೇರಿ ಮಾಡಿಸಿ ಬಚ್ಚಲಿಗೆ ಹಿಡಿ ಹಾಕಿಸೋಣ ಅಂತ ನಮ್ಮೆಜಮಾನ್ರೂ ಈಗ ಅಂತಿದ್ದಾರೆ. ನಿಮ್ಮಲ್ಲಿ ಯಾರಾದ್ರೂ ಇಂಥ ಮಾತುಕತೇಲಿ ಇದ್ರೆ ಎರಡು ವಿಷಯ ನೆನಪಿಟ್ಕೊಳ್ಳಿ. ನಕ್ಷೆ ತೋರಿಸಿದಾಗ ಹಾಲು, ಕಿಚನ್ನು ನೋಡೋಕೆ ಮುಂಚೆ ಹಿಂದೆ ಮುಂದೆ ಎಷ್ಟಡಿ ಮಣ್ಣು ಉಳಿಯುತ್ತೆ ಅಂತ ಕೇಳಿ, ಕಾಗದದಲ್ಲಿ ಬರೆಸ್ಕೊಳ್ಳಿ. ಇನ್ನೊಂದು, ನಮ್ಮ ಸೈಟಿನೊಳಗಿನ ಮರ ಆದ್ರೂ ಬಹುಪಾಲು ಮರಗಳನ್ನ ಕಡಿಯೋಕೆ 1976ರ ಕಾಯ್ದೆ ಪ್ರಕಾರ ಟ್ರೀ ಆಫೀಸರ್ ಅನುಮತಿ ಬೇಕು. ನಾವು ನೋಡ್ಕೋತೀವಿ ಅಂತ ಯಾರಾದ್ರೂ ಅಂದ್ರೆ ಆ ಅನುಮತಿ ಪತ್ರ ತೋರಿಸಿ ಅನ್ನಿ.

ಹೋಗೋದಾದ್ರೆ ಬೆಳಗ್ಗೆ ಬೇಗ ಹೊರಡಿ, ಹತ್ತರೊಳಗೆ ಕೋಟೆ, ಅರಮನೆ ಮುಗಿಸಿದ್ರೆ ಮಾರ್ಕೆಟ್ಟಿನ ಜನ, ಬಿಸಿಲು ಎರಡೂ ತಪ್ಪುತ್ತೆ. ಮಂಡಿ ನೋವಿನೋರಿಗೆ ಅರಮನೆ ಮಹಡಿ ಬೇಡ, ಮೆಟ್ಟಿಲು ಕಡಿದಾಗಿವೆ. ಲಾಲ್‌ಬಾಗಿನಲ್ಲಿ ಫ್ಲವರ್ ಶೋ ಇಲ್ಲದ ದಿನ ಹೋಗಿ, ಮರಗಳನ್ನ ನೋಡೋಕೆ ಸಮಾಧಾನ ಇರುತ್ತೆ.

ಅಂದ ಹಾಗೆ, ನಮ್ಮ ಬಳ್ಳೀದು ಬಲಿತ ಸೀಮೆ ಬದನೆ ಆರೇಳು ಮೊಳಕೆ ಬಂದು ಅಡುಗೆಮನೆ ಮೂಲೇಲಿ ಕೂತಿವೆ. ಇಡೀ ಕಾಯಿಯನ್ನೇ ಮೊಳಕೆ ಕಡೆ ಮೇಲಾಗಿ ಅರ್ಧ ಮಣ್ಣಲ್ಲಿ ಹೂತಿಟ್ಟು, ಹಬ್ಬೋಕೆ ಒಂದು ತಂತಿ ಕಟ್ಟಿದ್ರೆ ಸಾಕು, ಬಾಲ್ಕನೀಲೂ ಬರುತ್ತೆ. ಒಂದನ್ನ ಎದುರು ಮನೆ ಆಂಟಿ ಆಗಲೇ ಹೇಳಿಟ್ಟಿದ್ದಾರೆ. ಉಳಿದದ್ದು ಬೇಕಾದೋರು ಸಂಜೆ ನಾಲ್ಕರ ಮೇಲೆ ಬಂದು ತಗೊಂಡು ಹೋಗಿ, ಕಾಫಿ ಕುಡಿದು ಹೋಗೋರಂತೆ.